ಒಂದು ಚೌಕ ಕಾಗದ

ಮಡಿಸುವುದನ್ನು ಯಾರೂ ಒಂದು ಕೆಲಸವೆಂದು ಎಣಿಸುವುದಿಲ್ಲ. ಒಗೆದು ಒಣಗಿಸಿದ ಬಟ್ಟೆಯ ರಾಶಿಯನ್ನು ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಮಡಿಸಿದ ಗೃಹಿಣಿಯನ್ನು "ಇಷ್ಟು ಹೊತ್ತು ಏನು ಮಾಡುತ್ತಿದ್ದೆ?" ಎಂದು ಕೇಳಿದರೆ, ಅವಳೇ "ಏನಿಲ್ಲ, ಸುಮ್ಮನೆ ಕೂತಿದ್ದೆ" ಎಂದುಬಿಡುತ್ತಾಳೆ. ಊಟವಾದ ಮೇಲೆ ವೀಳ್ಯದೆಲೆಯನ್ನು ಮಡಿಸಿ ಕೈಗಿಡುವ ಅಜ್ಜಿ, ಹಿಂದಿನ ಕಾಲದಲ್ಲಿ ಹಳೆಯ ಪತ್ರಿಕೆಯ ತುಂಡನ್ನು ಸುತ್ತಿ ಸಾಸಿವೆ ಜೀರಿಗೆಗೆ ಪೊಟ್ಟಣ ಕಟ್ಟಿಕೊಡುತ್ತಿದ್ದ ಅಂಗಡಿಯ ಶೆಟ್ಟರು, ಮಳೆ ಬಂದ ದಿನ ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ದೋಣಿ ಮಾಡುವ ಹುಡುಗ, ಇವರಲ್ಲಿ ಒಬ್ಬರಿಗೂ ತಾವೊಂದು ವಿದ್ಯೆಯನ್ನು ಬಲ್ಲೆವೆಂಬ ಅಭಿಮಾನವಿಲ್ಲ. ಕೈಗೆ ಗೊತ್ತಿರುವುದನ್ನು ಬಾಯಿ ಹೇಳಿಕೊಳ್ಳುವುದಿಲ್ಲ.

ಎಣಿಕೆಗೆ ಬಾರದ ಈ ಕೆಲಸವನ್ನೇ ಜಪಾನಿನ ಜನ ಕೈಗೆತ್ತಿಕೊಂಡು, ಅದಕ್ಕೊಂದು ಹೆಸರಿಟ್ಟು, ಪೀಳಿಗೆಯಿಂದ ಪೀಳಿಗೆಗೆ ದಾಟಿಸಿದರು. ಒರು ಎಂದರೆ ಮಡಿಸು. ಕಾಮಿ ಎಂದರೆ ಕಾಗದ. ಎರಡೂ ಸೇರಿ ಒರಿಗಾಮಿ. ಕತ್ತರಿ ಬೇಡ, ಅಂಟು ಬೇಡ. ಒಂದು ಚೌಕ ಕಾಗದ, ಹತ್ತು ಬೆರಳು, ಒಂದಿಷ್ಟು ಹೊತ್ತು ಇದ್ದರಾಯಿತು. ಕಾಮಿ ಎಂಬ ಉಚ್ಚಾರಣೆಗೆ ಆ ಭಾಷೆಯಲ್ಲಿ ದೇವರು ಎಂಬ ಅರ್ಥವೂ ಉಂಟು. ಆದರೆ ಬರೆಯುವ ಅಕ್ಷರವೇ ಬೇರೆ. ಈ ಶ್ಲೇಷೆಯನ್ನು ಹಿಡಿದುಕೊಂಡು ಕಾಗದದಲ್ಲಿ ದೈವವನ್ನು ಕಾಣುವ ತತ್ತ್ವವನ್ನು ಕಟ್ಟಿದವರು ಕಡಿಮೆಯಿಲ್ಲ. ಕನ್ನಡದ 'ಮಡಿ'ಗೂ 'ಮಡಿಕೆ'ಗೂ ಗಂಟು ಹಾಕಿ ಯಾರಾದರೂ ಹೀಗೆಯೇ ಒಂದು ಭಾಷಣವನ್ನು ಮಾಡಬಹುದು. ಕೇಳಲು ಸೊಗಸಾಗಿಯೇ ಇರುತ್ತದೆ, ನಂಬಬೇಕೆಂದಿಲ್ಲ.

ಅದಕ್ಕಿಂತ ಸ್ವಾರಸ್ಯವಾದ ಸಂಗತಿ ಇನ್ನೊಂದಿದೆ. ಕ್ರಿ. ಶ. 610ರಲ್ಲಿ ಕೊರಿಯದಿಂದ ಬಂದ ದೊನ್‌ಚೋ ಎಂಬ ಬೌದ್ಧ ಭಿಕ್ಷು ಕಾಗದ ಮಾಡಬಲ್ಲವನಾಗಿದ್ದನೆಂದು ಜಪಾನಿನ ಪ್ರಾಚೀನ ಇತಿಹಾಸಗ್ರಂಥ ಹೇಳುತ್ತದೆ. ಬಹುಕಾಲ ಅಲ್ಲಿ ಕಾಗದ ದುಬಾರಿ ವಸ್ತು. ಅದನ್ನು ಮಡಿಸುತ್ತಿದ್ದುದು ಆಟಕ್ಕಲ್ಲ. ಉಡುಗೊರೆಯನ್ನು ಸುತ್ತುವುದಕ್ಕೆ, ಮದುವೆಯಲ್ಲಿ ಮದ್ಯದ ಪಾತ್ರೆಗೆ ಗಂಡು ಚಿಟ್ಟೆ, ಹೆಣ್ಣು ಚಿಟ್ಟೆಗಳನ್ನು ಕಟ್ಟುವುದಕ್ಕೆ. ಯಾವ ಉಡುಗೊರೆಗೆ ಯಾವ ಮಡಿಕೆ ಎಂಬುದನ್ನು ವಿಧಿಸಲು 1764ರಲ್ಲಿ ಇಸೆ ಸದಾತಾಕೆ ಎಂಬ ವಿದ್ವಾಂಸ ಒಂದು ಪುಸ್ತಕವನ್ನೇ ಬರೆದ. ಆ ಕಾಲದಲ್ಲಿ ಒರಿಗಾಮಿ ಎಂಬ ಮಾತಿಗೆ ಇನ್ನೊಂದು ಅರ್ಥವಿತ್ತು. ಖಡ್ಗವನ್ನು ಪರೀಕ್ಷಿಸಿ ಬೆಲೆ ಕಟ್ಟುವ ಹೊನ್‌ಆಮಿ ಮನೆತನದವರು, ಉದ್ದಕ್ಕೆ ಎರಡಾಗಿ ಮಡಿಸಿದ ಹಾಳೆಯ ಮೇಲೆ "ಇದು ಇಂಥವನ ಕೈಯ ಖಡ್ಗ, ಇದರ ಬೆಲೆ ಇಷ್ಟು" ಎಂದು ಬರೆದುಕೊಡುತ್ತಿದ್ದರು. ಆ ಪ್ರಮಾಣಪತ್ರಕ್ಕೆ ಒರಿಗಾಮಿ ಎಂದೇ ಹೆಸರು. ನಂಬಬಹುದಾದ ಮನುಷ್ಯನನ್ನಾಗಲಿ ವಸ್ತುವನ್ನಾಗಲಿ 'ಒರಿಗಾಮಿ ಸಹಿತ' ಎಂದು ವರ್ಣಿಸುವ ನುಡಿಗಟ್ಟು ಜಪಾನೀ ಭಾಷೆಯಲ್ಲಿ ಇಂದಿಗೂ ಉಳಿದಿದೆ. ಮಡಿಸಿದ ಕಾಗದ ಬೆಲೆಯನ್ನು ತೋರಿಸುತ್ತದೆ ಎಂಬುದು ಅಲ್ಲಿ ಕವಿಕಲ್ಪನೆಯಲ್ಲ, ವ್ಯವಹಾರದ ಮಾತು.

ಖಡ್ಗದ ಬೆಲೆ ಸರಿ, ಮಡಿಸುವವನ ಬೆಲೆ? ಇದಕ್ಕೆ ಉತ್ತರವನ್ನು ಹುಡುಕುವವರು ಅಕಿರಾ ಯೋಶಿಜಾವಾ ಅವರ ಜೀವನವನ್ನು ನೋಡಬೇಕು.

ಯೋಶಿಜಾವಾ ಹುಟ್ಟಿದ್ದು 1911ರ ಮಾರ್ಚ್ 14ರಂದು, ತೊಚಿಗಿ ಪ್ರಾಂತದ ಕಾಮಿನೊಕಾವಾ ಎಂಬಲ್ಲಿ, ಹೈನುಗಾರಿಕೆಯ ಒಕ್ಕಲಿನ ಮನೆಯಲ್ಲಿ. ಹದಿಮೂರನೆಯ ವಯಸ್ಸಿಗೆ ಟೋಕಿಯೋ ನಗರಕ್ಕೆ ಬಂದು ಕಾರಖಾನೆಯೊಂದನ್ನು ಸೇರಿದರು. ಇಪ್ಪತ್ತು ದಾಟಿದ ಮೇಲೆ ನಕ್ಷೆ ಬರೆಯುವ ಕೆಲಸಕ್ಕೆ ಬಡ್ತಿ ಬಂತು. ಅದರ ಜೊತೆಗೆ ಕಿರಿಯ ಕೆಲಸಗಾರರಿಗೆ ರೇಖಾಗಣಿತವನ್ನು ಹೇಳಿಕೊಡುವ ಹೊಣೆಯೂ ಬಂತು. ಕೋನವನ್ನು ಸಮಭಾಗ ಮಾಡುವುದು ಹೇಗೆಂದು ಮಾತಿನಲ್ಲಿ ತಿಳಿಯದ ಹುಡುಗರಿಗೆ ಅವರು ಬಾಲ್ಯದಲ್ಲಿ ಆಡಿದ ಕಾಗದವನ್ನೇ ಮಡಿಸಿ ತೋರಿಸಿದರು. ಹುಡುಗರು ಗಣಿತ ಕಲಿತರು. ಗುರುವಿಗೆ ಕಾಗದದ ಹುಚ್ಚು ಹಿಡಿಯಿತು. 1937ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವರು ನೌಕರಿಯನ್ನು ಬಿಟ್ಟರು. ಕಾಗದ ಮಡಿಸುವುದಕ್ಕಾಗಿ!

ಈ ಮಾತನ್ನು ನಮ್ಮ ಯಾವ ಮನೆಯ ಹಿರಿಯರ ಮುಂದೆ ಆಡಿದರೂ ಏನು ಉತ್ತರ ಬಂದೀತೆಂಬುದನ್ನು ಓದುಗರು ಊಹಿಸಬಲ್ಲರು. ಲೋಕ ಕೂಡ ಅದೇ ಉತ್ತರವನ್ನು ಕೊಟ್ಟಿತು. ಅನ್ನದ ಜೊತೆಗೆ ನಂಚಿಕೊಳ್ಳಲು ಜಪಾನಿನಲ್ಲಿ ತ್ಸುಕುದಾನಿ ಎಂಬ ಒಂದು ವ್ಯಂಜನವಿದೆ; ಕಡಲಪಾಚಿಯನ್ನೋ ಚಿಕ್ಕ ಮೀನನ್ನೋ ಸೋಯಾ ರಸದಲ್ಲಿ ಸಿಹಿ ಸೇರಿಸಿ ಕುದಿಸಿ ಇಂಗಿಸಿದ್ದು. ಇಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಹೊತ್ತು ಬರುವವರ ಹಾಗೆ ಯೋಶಿಜಾವಾ ಈ ತ್ಸುಕುದಾನಿಯನ್ನು ಮನೆಮನೆಗೆ ಒಯ್ದು ಮಾರಿ ಹೊಟ್ಟೆ ಹೊರೆದರು. ಉಳಿದ ಹೊತ್ತು ಮಡಿಸಿದರು. ಯುದ್ಧ ಬಂತು; ಸೈನ್ಯದ ವೈದ್ಯ ವಿಭಾಗದಲ್ಲಿ ಅವರನ್ನು ಹಾಂಗ್‌ಕಾಂಗಿಗೆ ಕಳಿಸಿದರು. ಅಲ್ಲಿ ರೋಗಿಗಳ ಮನಸ್ಸಿಗೆ ಸಮಾಧಾನವಾಗಲೆಂದು ಕಾಗದದ ಪ್ರಾಣಿ ಪಕ್ಷಿಗಳನ್ನು ಮಾಡಿಕೊಟ್ಟರು. ಕೊನೆಗೆ ತಾವೇ ಕಾಯಿಲೆ ಬಿದ್ದು ಊರಿಗೆ ಮರಳಿದರು. ಯುದ್ಧ ಮುಗಿಯಿತು, ದೇಶ ಸೋತಿತು, ಬಡತನ ಮುಗಿಯಲಿಲ್ಲ.

1952ರ ಜನವರಿಯಲ್ಲಿ ಆಸಾಹಿ ಗ್ರಾಫ್ ಎಂಬ ಸಚಿತ್ರ ಪತ್ರಿಕೆ, ಇಲಿ, ಎತ್ತು, ಹುಲಿ, ಮೊಲ ಮೊದಲಾದ ವರ್ಷಚಕ್ರದ ಹನ್ನೆರಡು ಪ್ರಾಣಿಗಳನ್ನು ಅವರಿಂದ ಮಡಿಸಿ ಚಿತ್ರಗಳನ್ನು ಅಚ್ಚು ಹಾಕಿತು. ದೇಶದ ಜನ ಅವರ ಹೆಸರನ್ನು ಕೇಳಿದ್ದು ಆಗ, ವಯಸ್ಸು ನಲವತ್ತು. 1954ರಲ್ಲಿ ಅವರ ಮೊದಲ ಮುಖ್ಯ ಪುಸ್ತಕ ಬಂತು. ಅದೇ ವರ್ಷ ಟೋಕಿಯೋದಲ್ಲಿ ಅಂತರರಾಷ್ಟ್ರೀಯ ಒರಿಗಾಮಿ ಕೇಂದ್ರವನ್ನು ಸ್ಥಾಪಿಸಿದರು. 1955ರಲ್ಲಿ ಆಮ್‌ಸ್ಟರ್‌ಡಾಮಿನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ ಅವರ ಮಡಿಕೆಗಳ ಪ್ರದರ್ಶನ ನಡೆಯಿತು. ಕಾರಖಾನೆಯಲ್ಲಿ ನಕ್ಷೆ ಬರೆದಿದ್ದ ಕೈ ಇಲ್ಲಿ ಉಪಕಾರಕ್ಕೆ ಬಂತು. ಒಳಕ್ಕೆ ತಗ್ಗುವ ಮಡಿಕೆಗೆ ಒಂದು ಬಗೆಯ ತುಂಡು ಗೆರೆ, ಮೇಲಕ್ಕೆ ಉಬ್ಬುವ ಮಡಿಕೆಗೆ ಚುಕ್ಕೆ ಸೇರಿದ ಇನ್ನೊಂದು ಗೆರೆ. ಒಂದನ್ನು ಕಣಿವೆ ಎಂದರು, ಇನ್ನೊಂದನ್ನು ಬೆಟ್ಟ ಎಂದರು. ಅಮೆರಿಕದ ರ‍್ಯಾಂಡ್ಲೆಟ್ ಮುಂತಾದವರು ಈ ಪದ್ಧತಿಯನ್ನು ತಿದ್ದಿ ಬೆಳೆಸಿದ ಮೇಲೆ, ಒಂದಕ್ಷರ ಜಪಾನೀ ಬಾರದವನೂ ಜಪಾನೀ ಪುಸ್ತಕವನ್ನು ನೋಡಿ ಮಡಿಸುವಂತಾಯಿತು. ದಪ್ಪ ಕಾಗದಕ್ಕೆ ಸ್ವಲ್ಪ ನೀರು ಸವರಿ ಮೆತ್ತಗೆ ಮಾಡಿ, ಮಡಿಸಿ ತೀಡಿ, ಒಣಗಿದ ಮೇಲೆ ಆಕಾರ ನಿಲ್ಲುವಂತೆ ಮಾಡುವ ಉಪಾಯವೂ ಅವರದೇ. ಅಲ್ಲಿಯವರೆಗೆ ಕೋನಕೋನವಾಗಿ ನಿಲ್ಲುತ್ತಿದ್ದ ಪ್ರಾಣಿಗೆ ದುಂಡನೆಯ ಬೆನ್ನು, ತುಂಬಿದ ಕೆನ್ನೆ ಬಂದವು.

ತಾವು ಐವತ್ತು ಸಾವಿರಕ್ಕೂ ಹೆಚ್ಚು ರೂಪಗಳನ್ನು ಮಾಡಿರಬಹುದೆಂದು 1989ರಲ್ಲಿ ಯೋಶಿಜಾವಾ ಅಂದಾಜು ಮಾಡಿದ್ದರು. ನಕ್ಷೆಯಾಗಿ ಅಚ್ಚಾದದ್ದು ಅವುಗಳಲ್ಲಿ ಕೆಲವು ನೂರು ಮಾತ್ರ. ಅವರು ತಮ್ಮ ಮಡಿಕೆಗಳನ್ನು ಮಾರಲಿಲ್ಲ. ಉಡುಗೊರೆಯಾಗಿ ಕೊಟ್ಟರು, ಪ್ರದರ್ಶನಗಳಿಗೆ ಕಳಿಸಿದರು, ಬೆಲೆಗೆ ಕೊಡಲಿಲ್ಲ. ತ್ಸುಕುದಾನಿಯನ್ನು ಮಾರಿದ ಕೈ ಕಾಗದವನ್ನು ಮಾರಲಿಲ್ಲವೆಂಬುದು ಯೋಚಿಸತಕ್ಕ ವಿಷಯ. ಬಡತನವನ್ನು ಹೊಗಳುವುದು ಹೊಟ್ಟೆ ತುಂಬಿದವರ ಚಟ. ಕಾಗದವನ್ನು ಮಾರಿ ಹೊಟ್ಟೆ ಹೊರೆದಿದ್ದರೆ ಅವರು ಕೀಳಾಗುತ್ತಿದ್ದರೆಂದು ಯಾರೂ ಹೇಳಲಾರರು. ಪುಸ್ತಕ ಬರೆದು, ಪಾಠ ಹೇಳಿ ಅವರು ಹಣ ಪಡೆದೇ ಇದ್ದರು. ಆದರೆ ಯಾವುದು ಬಿಕರಿಗೆ, ಯಾವುದು ಅಲ್ಲ ಎಂಬ ಗೆರೆಯನ್ನು ಅವರು ತಾವೇ ಎಳೆದುಕೊಂಡಿದ್ದರು. ಆ ಗೆರೆ ಒಂದು ದಿನದ ಚಿಂತನೆಯಿಂದ ಮೂಡಿದ್ದಲ್ಲ. ಮಡಿಸಿದ್ದಕ್ಕೆ ಮೂರು ಕಾಸು ಹುಟ್ಟದ ಹದಿನೈದು ವರ್ಷ, ಪ್ರತಿದಿನವೂ ಮಡಿಸಿದವನಿಗೆ ಅದು ಕಂಡಿತು. 1983ರಲ್ಲಿ ಚಕ್ರವರ್ತಿಯ ಸರಕಾರ ಉದಯಸೂರ್ಯ ಪದಕವನ್ನು ಕೊಟ್ಟು ಗೌರವಿಸಿತು. 2005ರ ಮಾರ್ಚ್ 14ರಂದು, ತೊಂಬತ್ತನಾಲ್ಕು ತುಂಬಿದ ಹುಟ್ಟುಹಬ್ಬದ ದಿನವೇ, ಅವರು ತೀರಿಕೊಂಡರು.

ಎಲ್ಲರೂ ಯೋಶಿಜಾವಾ ಆಗಲಾರರು, ಆಗಬೇಕಾಗಿಯೂ ಇಲ್ಲ. ಬೆಳಗಿನ ಕಾಫಿಗೂ ಕಛೇರಿಯ ಬಸ್ಸಿಗೂ ನಡುವೆ ಸಿಕ್ಕುವ ಹತ್ತು ನಿಮಿಷದಲ್ಲಿ ಒಂದು ಕೊಕ್ಕರೆಯನ್ನು ಮಡಿಸುವುದು ಯಾರಿಗೂ ಸಾಧ್ಯ. ಹದಿನೈದು ಸೆಂಟಿಮೀಟರಿನ ಚೌಕ ಸಾಕು. ಮೂಲೆಗೆ ಮೂಲೆ ಕೂಡಿಸಿ ಮಡಿಸಿ ಬಿಚ್ಚಬೇಕು. ಅಡ್ಡಕ್ಕೆ, ಉದ್ದಕ್ಕೆ ಮಡಿಸಿ ಬಿಚ್ಚಬೇಕು. ಆ ಗೆರೆಗಳ ಜಾಡಿನಲ್ಲಿ ಕುಗ್ಗಿಸಿದರೆ ಕೈಯಲ್ಲಿ ಪುಟ್ಟ ಚೌಕವೊಂದು ನಿಲ್ಲುತ್ತದೆ. ಅದರ ಅಂಚುಗಳನ್ನು ನಡುಗೆರೆಗೆ ತಂದು, ಬಿಚ್ಚಿ, ಮೇಲಿನ ಒಂದೇ ಪದರವನ್ನು ಹಿಡಿದು ಹೂವಿನ ದಳ ಬಿಡಿಸುವ ಹಾಗೆ ಮೇಲಕ್ಕೆ ಎತ್ತಬೇಕು. ಹೊಸಬರು ನಿಲ್ಲುವುದು ಇಲ್ಲಿಯೇ. ಕಾಗದ ಬರಲೊಲ್ಲದು; ಬೆರಳು ಒತ್ತಾಯಿಸುತ್ತದೆ; ಎಳೆದರೆ ಹರಿಯುತ್ತದೆ. ಸ್ವಲ್ಪ ತಡೆದು, ಮೊದಲೇ ಮಾಡಿಟ್ಟ ಗೆರೆಗಳು ಯಾವ ಕಡೆಗೆ ಬಾಗಲು ಬಯಸುತ್ತವೆಂದು ನೋಡಿದರೆ ದಳ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಆ ಮೇಲೆ ಕತ್ತು, ಬಾಲ, ಕೊಕ್ಕು, ರೆಕ್ಕೆ.

ಮೊದಲ ಮಡಿಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೆ ಆಗ ಗೊತ್ತಾಗುವುದಿಲ್ಲ. ಹತ್ತನೆಯ ಮಡಿಕೆಯಲ್ಲಿ ಅಂಚು ಅಂಚಿಗೆ ಕೂಡುವುದಿಲ್ಲ. ಕೊನೆಗೆ ಕೊಕ್ಕು ಸೊಟ್ಟಗಾಗುತ್ತದೆ. ತಪ್ಪಿದ ಮಡಿಕೆಯನ್ನು ಬಿಚ್ಚಿ ಸರಿಯಾಗಿ ಮಡಿಸಬಹುದು. ಆದರೆ ಕಾಗದದ ನಾರು ಒಮ್ಮೆ ಮುರಿದ ಕಡೆ ಗೆರೆ ಉಳಿದೇ ಉಳಿಯುತ್ತದೆ. ಕಾಗದ ಕೋಪ ಮಾಡಿಕೊಳ್ಳುವುದಿಲ್ಲ, ಮರೆಯುವುದೂ ಇಲ್ಲ.

ಹೀಗೆ ತಿಂಗಳೊಪ್ಪತ್ತು ದಿನಕ್ಕೊಂದು ಮಡಿಸಿದವರಿಗೆ ಕೊಕ್ಕರೆಯ ವಿಷಯ ತಿಳಿಯುವುದು ಅಲ್ಪ. ತಮ್ಮ ವಿಷಯ ಹೆಚ್ಚು. ಸೊಟ್ಟಗಾದದ್ದನ್ನು ಕಿಟಕಿಯ ಮೇಲಿಡುತ್ತೀರೋ, ಯಾರಿಗೂ ಕಾಣದಂತೆ ಮುದುರಿ ಬುಟ್ಟಿಗೆ ಎಸೆಯುತ್ತೀರೋ? ಪಕ್ಕದಲ್ಲಿ ಕುಳಿತ ಮಗು "ನನಗೂ ಕೊಡು" ಎಂದಾಗ ಒಳ್ಳೆಯ ಕಾಗದವನ್ನು ಕೊಡುತ್ತೀರೋ, ಹಳೆಯ ರಶೀದಿಯನ್ನೋ? ಮಗುವಿನ ಮಡಿಕೆ ಓರೆಯಾದಾಗ ಕೈ ತಾನೇ ಮುಂದೆ ಹೋಗಿ ತಿದ್ದಿಬಿಡುತ್ತದೆಯೋ, ಮಡಿಲಲ್ಲಿ ಸುಮ್ಮನಿರುತ್ತದೆಯೋ? "ನನಗೆ ತಾಳ್ಮೆ ಮುಖ್ಯ, ಪ್ರಾಮಾಣಿಕತೆ ಮುಖ್ಯ" ಎಂದು ಪಟ್ಟಿ ಬರೆಯುವುದು ಸುಲಭ. ಬರೆಯುವಾಗ ಪ್ರತಿಯೊಬ್ಬನೂ ಸತ್ಯಹರಿಶ್ಚಂದ್ರನೇ. ಯಾರೂ ನೋಡದ ಹತ್ತು ನಿಮಿಷದಲ್ಲಿ, ಯಾವ ಲಾಭವೂ ಇಲ್ಲದ ಕೆಲಸದಲ್ಲಿ, ಒಳಕ್ಕೆ ಅಡಗಿಹೋಗುವ ಮಡಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ತೀಡುವವನು ಪಟ್ಟಿಯನ್ನು ಬರೆಯಬೇಕಾಗಿಲ್ಲ. ತೀಡದವನಿಗೂ ಅಷ್ಟೇ ಲಾಭವುಂಟು. ತನ್ನ ಅವಸರವನ್ನು ಅವನು ಕಣ್ಣಾರೆ ಕಾಣುತ್ತಾನೆ.

ಇದನ್ನು ಧ್ಯಾನವೆಂದು ಕರೆಯುವುದು ಈಚಿನ ವಾಡಿಕೆ. ಜೆನ್ ಪಂಥದ ಪ್ರಾಚೀನ ಸಾಧನೆಯೆಂದು ಹೇಳಿ ಕಾಗದದ ಕಟ್ಟುಗಳನ್ನು ದುಬಾರಿ ಬೆಲೆಗೆ ಮಾರುವುದೂ ನಡೆಯುತ್ತದೆ. ಹಾಗೇನೂ ಇಲ್ಲ. ಜಪಾನಿನಲ್ಲಿ ಇದು ಉಡುಗೊರೆಯ ಮರ್ಯಾದೆಯಾಗಿತ್ತು, ಮಕ್ಕಳ ಆಟವಾಗಿತ್ತು; 1797ರಲ್ಲಿ ಒಂದೇ ಹಾಳೆಯಿಂದ ಹಲವು ಕೊಕ್ಕರೆಗಳನ್ನು ಕತ್ತರಿಸಿ ಜೋಡಿಸಿ ಮಡಿಸುವ 49 ಬಗೆಗಳ ಪುಸ್ತಕವೊಂದು ಅಚ್ಚಾದಾಗಲೂ ಅದರಲ್ಲಿದ್ದುದು ವಿನೋದ. ಆ ರೂಪಗಳನ್ನು ಕಲ್ಪಿಸಿದವರು ಕುವಾನಾ ಊರಿನ ಬೌದ್ಧ ಅರ್ಚಕರೆಂಬುದು ನಿಜ. ಅರ್ಚಕರಿಗೂ ಬಿಡುವಿನ ವೇಳೆ ಇರುತ್ತದಷ್ಟೆ. ಮನಸ್ಸನ್ನು ಕೈಯ ಹತ್ತಿರ ತಂದು ಕೂಡಿಸುವ ಗುಣ ಈ ಕೆಲಸಕ್ಕಿರುವುದು ಸತ್ಯ. ಅದು ಹೂ ಕಟ್ಟುವುದಕ್ಕೂ ಇದೆ, ಅಕ್ಕಿ ಆರಿಸುವುದಕ್ಕೂ ಇದೆ.

ಮಡಿಕೆಯಿಂದ ಮಗುವಿನ ಮನಸ್ಸು ತಿದ್ದುತ್ತದೆಂದು ನಂಬಿದವರು ಜರ್ಮನಿಯ ಫ್ರೋಬೆಲ್. ಅವರ ಬಾಲವಾಡಿಗಳಲ್ಲಿ ಕಾಗದ ಮಡಿಸುವುದು ಪಾಠದ ಭಾಗವೇ ಆಗಿತ್ತು. ಆ ಬಾಲವಾಡಿಯ ಕಾಗದದಿಂದ ಸ್ಫೂರ್ತಿ ಪಡೆದು ಟಿ. ಸುಂದರ ರಾವ್ ಎಂಬವರು 1893ರಲ್ಲಿ ಮದರಾಸಿನಲ್ಲಿ, ಕಾಗದ ಮಡಿಸಿ ರೇಖಾಗಣಿತವನ್ನು ಸಾಧಿಸುವ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಜರ್ಮನಿಯ ಮಹಾಗಣಿತಜ್ಞ ಕ್ಲೈನ್ ಅದನ್ನು ಮೆಚ್ಚಿ ಉಲ್ಲೇಖಿಸಿದ; 1901ರಲ್ಲಿ ಚಿಕಾಗೋ ನಗರದಲ್ಲಿ ಅದು ಮರುಮುದ್ರಣವಾಯಿತು. ಯೋಶಿಜಾವಾ ಕಾರಖಾನೆಯ ಹುಡುಗರಿಗೆ ಕಾಗದ ಮಡಿಸಿ ಗಣಿತ ಹೇಳುವುದಕ್ಕೆ ನಾಲ್ಕು ದಶಕ ಮೊದಲೇ ದಕ್ಷಿಣ ಭಾರತದ ಒಬ್ಬರು ಅದನ್ನು ಬರೆದಿಟ್ಟಿದ್ದರೆಂಬುದು ಇಲ್ಲಿ ಎಷ್ಟು ಮನೆಗಳಿಗೆ ಗೊತ್ತು?

ಗೊತ್ತಿರುವ ಕಥೆಯೆಂದರೆ ಸಡಾಕೋ ಸಸಾಕಿಯದು. ಅದೂ ಅರ್ಧ ಗೊತ್ತು. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಸಡಾಕೋ ಎರಡು ವರ್ಷದ ಮಗು; ಬಾಂಬು ಸಿಡಿದ ಸ್ಥಳದಿಂದ ಮನೆಗೆ ಎರಡು ಕಿಲೋಮೀಟರೂ ಇರಲಿಲ್ಲ. ಮೈಮೇಲೆ ಗಾಯವಿಲ್ಲದೆ ಬದುಕಿದಳು, ಶಾಲೆಯಲ್ಲಿ ಓಟದ ಪಂದ್ಯಕ್ಕೆ ಮುಂದಾಗುವ ಹುಡುಗಿಯಾಗಿ ಬೆಳೆದಳು. ಹನ್ನೆರಡನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. 1955ರ ಫೆಬ್ರುವರಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಸಾವಿರ ಕೊಕ್ಕರೆ ಮಡಿಸಿದವರ ಕೋರಿಕೆ ಕೈಗೂಡುವುದೆಂಬ ನಂಬಿಕೆ ಜಪಾನಿನಲ್ಲಿದೆ. ನಗೋಯಾ ನಗರದವರು ಆಸ್ಪತ್ರೆಯ ರೋಗಿಗಳಿಗೆ ಕಳಿಸಿದ ಕೊಕ್ಕರೆಗಳನ್ನು ನೋಡಿ ಅವಳೂ ಮಡಿಸತೊಡಗಿದಳು. ಕಾಗದಕ್ಕೆ ದುಡ್ಡೆಲ್ಲಿ? ಔಷಧದ ಪುಡಿ ಕಟ್ಟಿದ ಚೀಟಿ, ಉಡುಗೊರೆಯ ಹೊದಿಕೆ, ಏನು ಸಿಕ್ಕಿದರೆ ಅದು.

1977ರಲ್ಲಿ ಎಲಿನಾರ್ ಕೋರ್ ಎಂಬ ಲೇಖಕಿ ಇಂಗ್ಲಿಷಿನಲ್ಲಿ ಬರೆದ ಮಕ್ಕಳ ಕಥೆಯಲ್ಲಿ, ಸಡಾಕೋ 644ಕ್ಕೆ ನಿಲ್ಲುತ್ತಾಳೆ. ಉಳಿದವನ್ನು ಗೆಳತಿಯರು ಮಡಿಸಿ ಸಾವಿರ ತುಂಬಿಸುತ್ತಾರೆ. ಪ್ರಪಂಚದ ಶಾಲೆಗಳಲ್ಲಿ ಓದಿ ಕಣ್ಣೀರಿಟ್ಟದ್ದು ಈ ಕಥೆಗೆ. ಆದರೆ ಅವಳ ಅಣ್ಣ ಮಸಾಹಿರೋ ಮತ್ತು ಹಿರೋಶಿಮಾದ ವಸ್ತುಸಂಗ್ರಹಾಲಯ ಹೇಳುವುದು ಬೇರೆ. ಅವಳು ಸಾವಿರವನ್ನು ಮುಟ್ಟಿದಳು. ಕಾಯಿಲೆ ವಾಸಿಯಾಗಲಿಲ್ಲ. ಆದರೂ ಅವಳು ಮುಂದುವರಿಸಿದಳು. ಕಾಗದ ಚಿಕ್ಕದಾಯಿತು, ಕೊಕ್ಕರೆ ಇನ್ನೂ ಚಿಕ್ಕದಾಯಿತು, ಬೆರಳಿಗೆ ನಿಲುಕದ ಮಡಿಕೆಯನ್ನು ಸೂಜಿಯಿಂದ ತೀಡಿದಳು. ಅಕ್ಟೋಬರ್ 25ರಂದು ತೀರಿಕೊಂಡಳು.

ಕಥೆಗಿಂತ ನಿಜವೇ ಕಠಿಣ. 644ಕ್ಕೆ ನಿಂತ ಹುಡುಗಿಯ ವಿಷಯದಲ್ಲಿ "ಅಯ್ಯೋ, ಇನ್ನು 356 ಆಗಿದ್ದರೆ" ಎಂದು ಮರುಗಲು ಅವಕಾಶವಿದೆ. ಸಾವಿರ ಮುಟ್ಟಿಯೂ ಕೋರಿಕೆ ಕೈಗೂಡದೆ, ಸಾವಿರದ ಒಂದನೆಯದಕ್ಕೆ ಹಾಳೆಯನ್ನು ಕೈಗೆತ್ತಿಕೊಂಡ ಹನ್ನೆರಡರ ಹುಡುಗಿಯ ಮನಸ್ಸಿನಲ್ಲಿ ಏನಿತ್ತು? ಹರಕೆಯಂತೂ ತೀರಿತ್ತು. ತಂದೆ ತಾಯಿಗೆ ಧೈರ್ಯ ತುಂಬುವುದಿತ್ತೋ, ದಿನ ಕಳೆಯುವುದಿತ್ತೋ, ಕೈ ಆಡುತ್ತಿರುವವರೆಗೆ ಬದುಕಿದ್ದೇನೆಂಬ ಗುರುತಿತ್ತೋ. ಯಾರೂ ಅವಳ ಪರವಾಗಿ ಹೇಳಬಾರದು.

ಅವಳ ಸಹಪಾಠಿಗಳು ಹಣ ಕೂಡಿಸಲು ಹೊರಟು, 1958ರ ಮೇ 5ರಂದು ಹಿರೋಶಿಮಾದ ಶಾಂತಿ ಉದ್ಯಾನದಲ್ಲಿ ಮಕ್ಕಳ ಸ್ಮಾರಕ ನಿಂತಿತು. ಅಲ್ಲಿಗೆ ವರ್ಷಕ್ಕೆ ಸುಮಾರು ಒಂದು ಕೋಟಿ ಕೊಕ್ಕರೆಗಳು ಬರುತ್ತವೆ. ತೂಕ ಹತ್ತು ಟನ್ನಿನಷ್ಟು. 2003ರ ಆಗಸ್ಟ್ ತಿಂಗಳಲ್ಲಿ ಒಬ್ಬ ವಿದ್ಯಾರ್ಥಿ ಅವುಗಳಿಗೆ ಬೆಂಕಿ ಹಚ್ಚಿದ. ಲಕ್ಷಕ್ಕೂ ಹೆಚ್ಚು ಸುಟ್ಟುಹೋದವು. ಅವನ ಕಾಲೇಜಿನ ಹುಡುಗರು ನಾಚಿ, ಕುಳಿತು, ಮತ್ತೆ ಮಡಿಸಿದರು. 2016ರ ಮೇ 27ರಂದು ಅಮೆರಿಕದ ಅಧ್ಯಕ್ಷ ಒಬಾಮಾ ಅಲ್ಲಿಗೆ ಬಂದಾಗ ಕಾಗದದ ನಾಲ್ಕು ಕೊಕ್ಕರೆಗಳನ್ನು ತಂದು ಕೊಟ್ಟರು.

ಆದರೂ ಒಂದು ಪ್ರಶ್ನೆಯನ್ನು ಜಪಾನಿನವರೇ ಎತ್ತಿದ್ದಾರೆ. ಭೂಕಂಪವಾದ ಊರುಗಳಿಗೆ ಪೆಟ್ಟಿಗೆ ಪೆಟ್ಟಿಗೆ ಕೊಕ್ಕರೆಗಳು ಬಂದು ಬಿದ್ದಾಗ, ಅನ್ನ, ಹೊದಿಕೆ ಇಡಲು ಜಾಗವಿಲ್ಲದವರು ಅವುಗಳನ್ನು ಎಲ್ಲಿಡಬೇಕು? 2022ರಲ್ಲಿ ಯುಕ್ರೇನಿಗೆ ಕೊಕ್ಕರೆಗಳನ್ನು ಕಳಿಸುವ ಮಾತು ಬಂದಾಗ ಈ ಚರ್ಚೆ ಬಿರುಸಾಗಿ ನಡೆಯಿತು. ಮಡಿಸಿದವರ ಮನಸ್ಸಿಗೆ ಸಮಾಧಾನ ಬೇಕಾಗಿತ್ತೋ, ಪಡೆದವರ ಹೊಟ್ಟೆಗೆ ಅನ್ನ ಬೇಕಾಗಿತ್ತೋ ಎಂಬ ಮಾತು ಕಟುವಾದರೂ ಕೇಳತಕ್ಕದ್ದೇ. ಒಳ್ಳೆಯ ಭಾವನೆ ಇದ್ದ ಮಾತ್ರಕ್ಕೆ ಒಳ್ಳೆಯ ಕೊಡುಗೆ ಆಗುವುದಿಲ್ಲ. ಔಷಧದ ಚೀಟಿಯಲ್ಲಿ ಮಡಿಸಿದವಳು ಯಾರಿಗೂ ಕಳಿಸಿ ಹೊರೆಯಾಗಲಿಲ್ಲ. ಹಾಂಗ್‌ಕಾಂಗಿನ ಆಸ್ಪತ್ರೆಯಲ್ಲಿ ಮಡಿಸಿದವರು ರೋಗಿಯ ಮಂಚದ ಪಕ್ಕದಲ್ಲಿಯೇ ಇದ್ದರು.

ಹಿರೋಶಿಮಾ ನಗರಕ್ಕೂ ಈ ಭಾರ ತಟ್ಟದೆ ಇರಲಿಲ್ಲ. ಎಸೆಯುವಂತಿಲ್ಲ, ಸುಡುವಂತಿಲ್ಲ, ಇಡಲು ಸ್ಥಳವಿಲ್ಲ. ಬಹಳ ಚರ್ಚೆಯ ಮೇಲೆ ಅವುಗಳನ್ನು ಮತ್ತೆ ಕಾಗದವಾಗಿಸಲು ಕೊಡುವ ಪದ್ಧತಿ ಬಂದಿದೆ. ಆ ಕಾಗದದಿಂದ ಕಾರ್ಡು, ನೋಟುಪುಸ್ತಕಗಳಾಗುತ್ತವೆ. ಅದಕ್ಕೆ ಮೊದಲು ಸರಗಳಿಂದ ದಾರವನ್ನೂ ಮಣಿಯನ್ನೂ ಕೈಯಿಂದಲೇ ಬಿಡಿಸಿ, ಕೊಕ್ಕರೆಗಳನ್ನು ಬೇರೆ ಮಾಡಬೇಕಾಗುತ್ತದೆ.